ನದೀಮ ಮೇಸ್ತ್ರಿಯ ಅನುಭವ ಪತ್ರ

"ಇನ್ನ ಮ್ಯಾಲೆ ಮತ್ತೊಬ್ಬರ ಲೈಸೆನ್ಸಿನ್ಯಾಗ ಕೆಲಸ ಮಾಡಿದ್ರ ನನ್ನ ಹೆಸರು ನದೀಮನ ಅಲ್ಲ!"

ಗಂಗಾವತಿಯ ನದೀಮ ಮೇಸ್ತ್ರಿ ಚಹಾದ ಲೋಟವನ್ನು ನೆಲಕ್ಕೆ ಕುಕ್ಕಿದ. ಸಿಟ್ಟು ಬರಬೇಕಾದ್ದೇ! ಇಪ್ಪತ್ತೆರಡು ವರ್ಷದಿಂದ ಬಿಸಿಲಲ್ಲಿ ಬೆಂದು ಗೋಡೆ ಎಬ್ಬಿಸಿದವನು ಇವನು, ಬೋರ್ಡಿನ ಮೇಲೆ ಹೆಸರು ಮಾತ್ರ ಲೈಸೆನ್ಸ್ ಇದ್ದವರದು. ಈಗ ಮರಳಿ ಊರಿನ ಶಾಲೆಯ ಕಾಂಪೌಂಡಿಗೆ ಟೆಂಡರ್ ಕರೆಯುವವರಿದ್ದರು. ಅಲ್ಲಿ ತನ್ನ ಹೆಸರಿನ ಬೋರ್ಡೇ ನಿಲ್ಲಬೇಕು!

"ಹಂಗಾದ್ರ ಹೋಗಿ ಲೈಸೆನ್ಸ್ ತಗೋರಿ. ಲೋಟ ಏನ್ ತಪ್ಪು ಮಾಡೈತ್ರಿ?" ಎಂದಳು ಹೆಂಡತಿ ಮುಬಾಶಿರಾ.

ನಗರಸಭೆ ಕಚೇರಿಯಲ್ಲಿ ಇಂಜಿನಿಯರ್ ಶ್ವೇತಾ ಅರ್ಜಿ ತಿರುವಿದರು. "ಅನುಭವ ಪತ್ರ ಎಲ್ಲೈತ್ರಿ?"

"ಅನುಭವ ಕೈಯಾಗೈತಿ, ನೋಡ್ರಿ!" ಎಂದು ನದೀಮ ಎರಡೂ ಅಂಗೈ ಚಾಚಿದ.

"ಅಂಗೈ ಫೈಲಿಗೆ ಹಚ್ಚಾಕ ಬರಂಗಿಲ್ರಿ. ಲೈಸೆನ್ಸ್ ಇದ್ದ ಗುತ್ತಿಗೆದಾರರ ಕಡೆ ಬರಸ್ಕೊಂಡ್ ಬರ್ರಿ."

ಬರೆದುಕೊಡುವವರು ಯಾರು? "ನೀನ ಕಟ್ಟೀದಿ ಅಂತ ಬರದ್ರ, ನಾ ಏನ್ ಮಾಡೀನಂತ ಕಚೇರಿಯವರು ಕೇಳಂಗಿಲ್ಲೇನು?" ಎಂದು ಒಬ್ಬೊಬ್ಬ ಗುತ್ತಿಗೆದಾರನೂ ಜಾರಿಕೊಂಡ. ನದೀಮನ ತಲೆ ಕಾದು ಹಂಚಾಯಿತು. ಮರುದಿನ ಓಣಿಯ ಗಟಾರ ನೋಡಲು ಶ್ವೇತಾ ಬಂದದ್ದೇ ತಡ, ಅಡ್ಡಗಟ್ಟಿದ.

"ಕಾಗದ ಬಿಡ್ರಿ ಮೇಡಂ! ನನ್ನ ಮನಿ ನೋಡ್ರಿ, ಮನಿ!"

ಬಾಗಿಲಲ್ಲಿ ನಿಂತ ಮುಬಾಶಿರಾ ಬೇಡ ಬೇಡ ಎಂದು ಕಣ್ಸನ್ನೆ ಮಾಡಿದಳು. ಸಿಟ್ಟಿನವನಿಗೆ ಕಣ್ಣೆಲ್ಲಿ ಕಾಣಬೇಕು! ಆ ಓಣಿಯಲ್ಲಿ ಮಾಳಿಗೆ ಹತ್ತುವ ಪಾವಟಿಗೆಯನ್ನು ಮನೆಯೊಳಗೆ ಕಟ್ಟಿದವರೇ ಇಲ್ಲ. ಒಂದು ಕೋಣೆ ಹಾಳಾಗುತ್ತದೆಂದು ಎಲ್ಲರೂ ಹೊರಗೆ ಇಳಿಸಿದವರೇ. ನದೀಮ ತನ್ನ ಪಾವಟಿಗೆ ಹತ್ತಿ ಧಪಧಪನೆ ಕುಣಿದ.

"ಹದಿನೆಂಟು ವರ್ಷ ಆತು! ಒಂದು ಬಿರುಕು ತೋರಿಸ್ರಿ!"

ಶ್ವೇತಾ ಟೇಪು ತೆಗೆದು ಅಳೆದರು. "ಬಿರುಕು ಇಲ್ರಿ. ಭಾಳ ಛಲೋ ಕಟ್ಟೀರಿ. ಆದ್ರ ನಿಮ್ಮ ಜಾಗದಾಗ ಕಟ್ಟಿಲ್ಲ, ಗಟಾರದ ಮ್ಯಾಲೆ ಕಟ್ಟೀರಿ!"

ಮೂರನೇ ದಿನಕ್ಕೆ ನೋಟಿಸು ಬಂತು. ಏಳು ದಿನದೊಳಗೆ ಪಾವಟಿಗೆ ತೆಗೆಯಬೇಕು, ಅದೂ ಲೈಸೆನ್ಸ್ ಇದ್ದ ಗುತ್ತಿಗೆದಾರರ ಮೂಲಕವೇ!

"ನನ್ನ ಮನಿ, ನನ್ನ ಪಾವಟಿಗಿ, ನನ್ನ ಸುತ್ತಿಗಿ! ಒಡಿಯಾಕೂ ಲೈಸೆನ್ಸ್ ಬೇಕಂತ! ಯಾ ಅಲ್ಲಾ, ಇವರ ಕಾಯ್ದೆಗೆ ಬೆಂಕಿ ಹಚ್ಚು!"

"ಕಟ್ಟೋವಾಗ ಹೇಳಿದ್ದೆ, ಒಳಗ ಕಟ್ರಿ ಅಂತ. ಮೇಸ್ತ್ರಿ ನೀನೋ ನಾನೋ ಅಂತ ನನ್ನ ಮ್ಯಾಲೆ ಹರಿಹಾಯ್ದ್ರಿ," ಎನ್ನುತ್ತಲೇ ಮುಬಾಶಿರಾ ಮಾರೆಪ್ಪನಿಗೆ ಫೋನು ಹಚ್ಚಿದಳು.

ಮಾರೆಪ್ಪ ಒಂದು ಕಾಲಕ್ಕೆ ನದೀಮನ ಕೈಯಲ್ಲೇ ಕೆಲಸ ಕಲಿತವನು, ಈಗ ಲೈಸೆನ್ಸ್ ಇದ್ದ ಗುತ್ತಿಗೆದಾರ. ಶಿಷ್ಯನ ಮುಂದೆ ಕೈ ಚಾಚಬಾರದೆಂದು ನದೀಮ ಪತ್ರಕ್ಕೂ ಅವನ ಬಳಿ ಹೋಗಿರಲಿಲ್ಲ. ಬಂದವನೇ ಕೈ ಮುಗಿದ.

"ಉಸ್ತಾದ್, ಕೆಲಸ ಹಿಡೀತೀನ್ರಿ. ಆದ್ರ ನನ್ನ ಮಂದಿ ಎಲ್ಲಾ ಗಿಣಿಗೇರಾಕ್ಕ ಬ್ಯಾರೆ ಕೆಲಸಕ್ಕ ಹೋಗ್ಯಾರ. ಒಡಿಯಾಕ ನೀವ ನಿಂದ್ರಬೇಕು."

ಮಾರೆಪ್ಪನ ಲೈಸೆನ್ಸು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿತು. ಉಸ್ತಾದ್ ಬಿಸಿಲಲ್ಲಿ ಸುತ್ತಿಗೆ ಎತ್ತಿದ. ಒಂದೊಂದು ಏಟಿಗೂ ಒಂದೊಂದು ಬೈಗುಳ! ಬೈಗುಳ ಖಾಲಿಯಾದವು, ಪಾವಟಿಗೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಇಷ್ಟು ಗಟ್ಟಿ ಯಾಕ ಕಟ್ಟಿದ್ರಿ ಉಸ್ತಾದ್?"

"ಬಾಯಿ ಮುಚ್ಚಲೇ!"

ಒಡೆದು ಮುಗಿಯಲು ನಾಲ್ಕು ದಿನ ಹಿಡಿಯಿತು. ಸೊಂಟ ಹಿಡಿದುಕೊಂಡು ಕುಸಿದ ಗಂಡನನ್ನು ನೋಡಿ ಮುಬಾಶಿರಾ ಮಾರೆಪ್ಪನ ಕಡೆ ತಿರುಗಿದಳು. "ಮಾರೆಪ್ಪಣ್ಣ, ಇವರಿಗೆ ಆ ಅನುಭವ ಪತ್ರನಾರ ಬರದು ಕೊಡಪ್ಪ."

"ಅಯ್ಯ, ಅದಕ್ಕೇನ್ರಿ ವೈನಿ! ಸುಳ್ಳು ಬರಿಯಂಗಿಲ್ಲ, ಮಾಡಿದ್ದನ್ನ ಬರೀತೀನಿ." ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿಯೇ ಕೊಟ್ಟ.

ಮುಬಾಶಿರಾ ಗಟ್ಟಿಯಾಗಿ ಓದಿದಳು: "ಶ್ರೀ ನದೀಮ ಇವರು ನನ್ನ ಕೈಕೆಳಗೆ ನಾಲ್ಕು ದಿನ ದುಡಿದು, ತಮ್ಮ ಮನೆಯ ಪಾವಟಿಗೆಯನ್ನು ತೃಪ್ತಿಕರವಾಗಿ ಕೆಡವಿರುತ್ತಾರೆ."

ನದೀಮ ಹರಿದುಹಾಕಲು ಹಾರಿ ಬಂದ. ಅವಳು ಕಾಗದವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಹರೀಬ್ಯಾಡ್ರಿ! ಇಪ್ಪತ್ತೆರಡು ವರ್ಷದಾಗ ಕಾಗದದಾಗ ನಿಮ್ಮ ಹೆಸರು ಬಂದ ಕೆಲಸ ಇದೊಂದ ಐತಿ!"