ಲಂಡನ್ ಇನ್‌ಸ್ಪೆಕ್ಟರ್ ಬೂಟು ಬಿಚ್ಚಿದ್ದು

ಎಂಥ ಸಾಧು ಮನುಷ್ಯನ ಒಳಗೂ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಅಡಗಿ ಕೂತಿರುತ್ತಾನೆ ಎಂಬುದು ನನ್ನ ಬಹಳ ದಿನದ ನಂಬಿಕೆ. ನನ್ನೊಳಗಿನವನಂತೂ ಕಾದು ಕಾದು ಸುಸ್ತಾಗಿದ್ದ. ಹೊರಗಿನ ನಾನೋ, ರಸ್ತೆ ಬದಿಯಲ್ಲಿ ಪೊಲೀಸ್ ಕಾರು ನಿಂತಿದ್ದು ಕಂಡರೆ ಸಾಕು, ಯಾವ ತಪ್ಪೂ ಮಾಡದಿದ್ದರೂ ಬ್ರೇಕ್ ಒತ್ತಿ, ಬೆನ್ನು ನೆಟ್ಟಗೆ ಮಾಡಿ, ಹಾಡು ಬಂದ್ ಮಾಡುವವನು. ಅಂಥ ನಾನು ಒಂದು ಬ್ರಿಟಿಷ್ ಪೊಲೀಸ್ ಚಿತ್ರದಲ್ಲಿ, ಅದೂ ಹೊಡೆದಾಟ ಮತ್ತು ಹಾಸ್ಯ ಎರಡೂ ತುಂಬಿದ ಚಿತ್ರದಲ್ಲಿ, ಲಂಡನ್ ಇನ್‌ಸ್ಪೆಕ್ಟರ್ ಆಗಿ ಮಿಂಚಿದೆ ಎಂದರೆ ನೀವು ನಂಬಲಿಕ್ಕಿಲ್ಲ. ದಯವಿಟ್ಟು ನಂಬಿ. ಚಿತ್ರ ಹತ್ತು ನಿಮಿಷದ್ದು, ಲಂಡನ್ ಇದ್ದದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್ ಎಂಬ ಊರಿನಲ್ಲಿ, ನಿರ್ದೇಶಕಿ ನನ್ನ ಮಗಳು.

ಮಗಳು ಅದಿತಿ ಆಗ ಹೈಸ್ಕೂಲಿನಲ್ಲಿದ್ದಳು. ಅಟ್ಲಾಂಟಾದ ಒಂದು ಕಾಲೇಜು ಬೇಸಿಗೆಯಲ್ಲಿ ಸಿನಿಮಾ ಕ್ಯಾಂಪ್ ನಡೆಸುತ್ತಿತ್ತು. ಸೇರಬೇಕಾದರೆ ಸ್ವಂತದ್ದೊಂದು ಕಿರುಚಿತ್ರ ಕಳಿಸಬೇಕು. ಸೀಟು ಸಿಗದಿದ್ದರೆ ಹಿಂದಿನ ವರ್ಷದ ಹಾಗೆ ಮತ್ತೆ ಸೈನ್ಸ್ ಕ್ಯಾಂಪು ಎಂದು ಅವಳ ಅಮ್ಮನಿಗೂ ಅವಳಿಗೂ ಒಪ್ಪಂದವಾಗಿತ್ತು. ಹಿಂದಿನ ವರ್ಷ ಆ ಕ್ಯಾಂಪಿನಿಂದ ಮಗಳು ತಂದಿದ್ದ ಬಾಡಿದ ಮುಖ ನನಗಿನ್ನೂ ನೆನಪಿತ್ತು. ಹಾಗಾಗಿ ಅವಳು "ಅಪ್ಪಾ, ವಿಲ್ ಯು ಆಕ್ಟ್?" ಎಂದು ಕೇಳಿ ಮುಗಿಸುವ ಮೊದಲೇ ನಾನು ಮೀಸೆ ತಿರುವಲು ಹೋಗಿ, ಮೀಸೆ ಇಲ್ಲವೆಂದು ನೆನಪಾಗಿ ಕೈ ಇಳಿಸಿದ್ದೆ.

ಬ್ರಿಟಿಷ್ ಸಿನಿಮಾವೇ ಯಾಕೆ ಎಂದರೆ, ಅಲ್ಲಿಯ ಪೊಲೀಸರು ಮೊದಲು "ಸಾರಿ" ಎಂದು ಕ್ಷಮೆ ಕೇಳಿ ಆಮೇಲೆ ಹೊಡೆಯುತ್ತಾರಂತೆ. ಅದೇ ಅವಳಿಗೆ ಇಷ್ಟ. ಅವರ ಹತ್ತಿರ ಬಂದೂಕೂ ಇರುವುದಿಲ್ಲ, ಬರೀ ಲಾಠಿ ಎಂದಳು. ನನ್ನ ಹೆಂಡತಿ ಸುನಂದಾಳ ಲಟ್ಟಣಿಗೆಗೆ ಕಪ್ಪು ಬಣ್ಣ ಬಿತ್ತು. ನಾವು ಧಾರವಾಡದ ಕಡೆಯವರು, ಕೈಯಲ್ಲಿ ತಟ್ಟುವ ಜೋಳದ ರೊಟ್ಟಿಗೆ ಲಟ್ಟಣಿಗೆ ಬೇಕಿಲ್ಲವಾದ್ದರಿಂದ ಯಾರೂ ಉಪವಾಸ ಬೀಳಲಿಲ್ಲ. ಲಂಡನ್ನಿನ ಮಳೆಯನ್ನು ಹಿತ್ತಲಿನ ಪೈಪು ಸುರಿಸಿತು. ಕಾರು ಬೆನ್ನಟ್ಟುವ ದೃಶ್ಯದ್ದೇ ಕಷ್ಟ. ಇಲ್ಲಿ ಕಾರಿನ ಸ್ಟೀರಿಂಗ್ ಎಡಕ್ಕೆ, ಅಲ್ಲಿ ಬಲಕ್ಕೆ. ಮಗಳು ಕಂಪ್ಯೂಟರಿನಲ್ಲಿ ಇಡೀ ದೃಶ್ಯವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿಸಿ ಕಮ್ಮಿಂಗನ್ನು ಇಂಗ್ಲೆಂಡ್ ಮಾಡಿಬಿಟ್ಟಳು! ಇಂಜಿನಿಯರ್ ಆದ ನನಗೇ ಅದು ಹೊಳೆದಿರಲಿಲ್ಲ. ಆದರೆ ಬಡಾವಣೆಯ ವೇಗದ ಮಿತಿ ಮೀರುವ ಧೈರ್ಯ ನನಗೂ ಇರಲಿಲ್ಲ, ಕಳ್ಳನಿಗೂ ಇರಲಿಲ್ಲ. ಸ್ಟಾಪ್ ಬೋರ್ಡ್ ಬಂದಲ್ಲೆಲ್ಲ ಕಳ್ಳ ಪೂರ್ತಿ ನಿಂತು, ಎಡಬಲ ನೋಡಿ ಪರಾರಿಯಾಗುತ್ತಿದ್ದ. ನಾನೂ ಹಾಗೇ ನಿಂತು, ನೋಡಿ, ಬೆನ್ನಟ್ಟುತ್ತಿದ್ದೆ.

ಕಳ್ಳರ ನಾಯಕ ಡಾಕ್ಟರ್ ಶ್ರೀಪಾದ ಅಂಕಲ್. ನಾವೆಲ್ಲ ಹುಟ್ಟುವ ಹೊತ್ತಿಗೇ ಈ ದೇಶಕ್ಕೆ ಬಂದು, ಸಾವಿರಾರು ಹೃದಯ ನೋಡಿ ನಿವೃತ್ತರಾದವರು. ಅವರ ಮನೆಯೇ ಕಳ್ಳರ ಅಡ್ಡೆ. ಕೊನೆಯ ದೃಶ್ಯದಲ್ಲಿ ನಾನು ಬಾಗಿಲು ಒದ್ದು, "ಪೊಲೀಸ್! ಯಾರೂ ಅಲ್ಲಾಡಬೇಡಿ!" ಎಂದು ಇಂಗ್ಲಿಷಿನಲ್ಲಿ ಗುಡುಗಿ, ಇಬ್ಬರು ಪೇದೆಗಳೊಂದಿಗೆ ಒಳಗೆ ನುಗ್ಗಬೇಕು. ಪೇದೆಗಳು ಪಕ್ಕದ ಬೀದಿಯ ಇಬ್ಬರು ಬೆಂಗಳೂರಿನವರು. ಚಿತ್ರ ಕಳಿಸಲು ಅದೇ ಕೊನೆಯ ಭಾನುವಾರ.

ನಾನು ಒದ್ದೆ. ಗುಡುಗಿದೆ. ಆಮೇಲೆ ಹೊಸ್ತಿಲಲ್ಲಿ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದೆ.

"ಕಟ್! ಅಪ್ಪಾ, ವಾಟ್ ಆರ್ ಯು ಡೂಯಿಂಗ್?"

ನನಗೂ ಆಗಲೇ ಗೊತ್ತಾದದ್ದು. ಬಾಗಿಲು ದಾಟುವಾಗ ಬೂಟು ಬಿಚ್ಚುವುದನ್ನು ತಲೆ ಹೇಳುವುದಿಲ್ಲ, ಕಾಲೇ ಮಾಡಿಬಿಡುತ್ತದೆ. ಇಲ್ಲಿ ನಮ್ಮವರ ಮನೆಯ ಊಟಕ್ಕೆ ಹೋದರೆ ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ ಬಿದ್ದಿರುತ್ತದೆ. ಒಮ್ಮೆ ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ಯಾರದ್ದೋ ಹಾಕಿಕೊಂಡು ಮನೆಗೆ ಬಂದಿದ್ದೇನೆ. ಏರ್‌ಪೋರ್ಟಿನಲ್ಲಿ ಬೂಟು ಬಿಚ್ಚಿ ಎಂದಾಗ ಎಲ್ಲರೂ ಗೊಣಗಿದರೆ, ನನಗೆ ಮಾತ್ರ ಯಾರದೋ ಮನೆಗೆ ಊಟಕ್ಕೆ ಬಂದ ಹಾಗೆ ಅನಿಸುತ್ತದೆ.

ಎರಡನೆಯ ಸಲ ಹುಷಾರಾಗಿ ಒದ್ದೆ. ಒಳಗೆ ಅಂಕಲ್ ಮತ್ತು ಅವರ ಹೆಂಡತಿ ಹಾಸಿದ್ದ ಹೊಸ ಬಿಳಿ ಕಾರ್ಪೆಟ್ ಕಂಡಿತು. ಕೈ ತಾನಾಗಿ ಲೇಸಿಗೆ ಹೋಯಿತು. ಹಿಂದಿದ್ದ ಪೇದೆಗಳೂ ನನ್ನನ್ನು ನೋಡಿ ಬಗ್ಗಿದರು. "ಸಾರಿ ಅದಿತಿ, ಅಭ್ಯಾಸ ಆಗ್ಬಿಟ್ಟಿದೆ" ಎಂದ ಒಬ್ಬ. ಮತ್ತೊಂದು ಸಲ ನಾನು ಹಲ್ಲು ಕಚ್ಚಿ ಒಂದು ಕಾಲು ಒಳಗಿಟ್ಟೇಬಿಟ್ಟಿದ್ದೆ. ಅಷ್ಟರಲ್ಲಿ ಬಂದೂಕು ಹಿಡಿದು ಸೋಫಾದ ಹಿಂದೆ ಅಡಗಿದ್ದ ಕಳ್ಳರ ನಾಯಕ ಎದ್ದು ನಿಂತು, "ಬನ್ನಿ ಬನ್ನಿ, ಕಾಫಿ ಆಯ್ತಾ?" ಎಂದುಬಿಟ್ಟರು. ಬಾಗಿಲಲ್ಲಿ ಮನುಷ್ಯರು ಕಂಡರೆ ಅವರ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಹೊತ್ತು ಇಳಿಯುತ್ತಿತ್ತು. ಮಗಳ ಕಣ್ಣಲ್ಲಿ ನೀರು. "ನಂಗೆ ಸೈನ್ಸ್ ಕ್ಯಾಂಪ್ ಬೇಡ ಅಪ್ಪಾ," ಎಂದಳು ಮೆಲ್ಲಗೆ, ಕನ್ನಡದಲ್ಲೇ. ಅವಳ ಬೇಸಿಗೆಯನ್ನು ನನ್ನ ಎರಡು ಕಾಲುಗಳು ಹಾಳು ಮಾಡುತ್ತಿದ್ದವು. ಅವಳು ಕೂತು, ತೆಗೆದದ್ದನ್ನೆಲ್ಲ ಕ್ಯಾಮರಾದಲ್ಲಿ ಮತ್ತೆ ನೋಡಿದಳು. ಸುಮ್ಮನೆ ನೋಡುತ್ತಿದ್ದವಳ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಓಕೆ. ಎಲ್ಲಾರೂ ಶೂಸ್ ಬಿಚ್ಚಿ. ಸ್ಲೋಲಿ. ಅಂಕಲ್, ನೀವು ಕಾಫಿ ಕೊಡಿ."

ಯುಗಾದಿಗೆ ನಮ್ಮ ಕನ್ನಡದವರೆಲ್ಲ ಸೇರಿದ ಸಭೆಯಲ್ಲಿ ಚಿತ್ರ ತೋರಿಸಿದೆವು. ಕಾರು ಬೆನ್ನಟ್ಟುವಾಗ ಅಲ್ಲಲ್ಲಿ ನಕ್ಕರು. ಬಾಗಿಲಲ್ಲಿ ಲಂಡನ್ ಪೊಲೀಸರು ಸಾಲಾಗಿ ಬಗ್ಗಿ ಬೂಟು ಬಿಚ್ಚಿ, ಜೋಡಿಸಿಟ್ಟು, ಕಾಲುಚೀಲದಲ್ಲಿ ಜಾರುತ್ತ ದಾಳಿ ಮಾಡಿದಾಗ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಕತ್ತಲಲ್ಲಿ ನಾನು ಪರದೆ ನೋಡಲಿಲ್ಲ, ಮಗಳ ಮುಖ ನೋಡುತ್ತಿದ್ದೆ. ಇಷ್ಟು ಜನರನ್ನು ಒಟ್ಟಿಗೆ ನಗಿಸಿದವಳು ನನ್ನ ಮಗಳು ಎಂದು ಎದ್ದು ನಿಂತು ಕೂಗಬೇಕು ಅನಿಸಿತು. ಸುನಂದಾ ಕೈ ಹಿಡಿದು ಕೂರಿಸಿದ್ದರಿಂದ ಕೂಗಲಿಲ್ಲ, ಅಷ್ಟೆ. ಆ ವಾರವೇ ಕ್ಯಾಂಪಿನಿಂದ ಸೀಟು ಸಿಕ್ಕಿದ ಸುದ್ದಿ ಬಂತು. ಬೂಟಿನ ದೃಶ್ಯ ಯಾರ ಕಲ್ಪನೆ ಎಂದು ಅಲ್ಲಿಯ ಮೇಷ್ಟ್ರು ವಿಶೇಷವಾಗಿ ಕೇಳಿದರಂತೆ.

ಅದಾದ ಮೇಲೆ ಸಿಕ್ಕಿದವರಿಗೆಲ್ಲ ನನ್ನ ನಟನೆಯ ಸೂಕ್ಷ್ಮಗಳನ್ನು ವಿವರಿಸುತ್ತ ತಿರುಗಿದೆ. ಮಗಳು ತಾಳ್ಮೆಯಿಂದ ಕೇಳಿ ಒಂದು ದಿನ ಹೇಳಿದಳು: "ಅಪ್ಪಾ, ಅದೊಂದು ಸೀನ್‌ನಲ್ಲಿ ನೀನು ಆಕ್ಟ್ ಮಾಡ್ಲಿಲ್ಲ. ದಟ್ಸ್ ವೈ ಇಟ್ ವಾಸ್ ಗುಡ್."

ಆದರೂ ಮುಂದಿನ ಚಿತ್ರದಲ್ಲಿ ನನಗೆ ಪಾತ್ರವಿದೆ. ಹೆಣದ ಪಾತ್ರ. ಕಾಲಲ್ಲಿ ಬೂಟು ಇರಬೇಕು, ಯಾವ ಕಾರಣಕ್ಕೂ ಬಿಚ್ಚಬಾರದು ಎಂದು ನಿರ್ದೇಶಕಿಯ ಕಟ್ಟಪ್ಪಣೆ. ಕಲೆಗೆ ಸಾಧನೆ ಬೇಕಲ್ಲ, ಭಾನುವಾರ ಊಟ ಮುಗಿಸಿ, ಬೂಟು ಹಾಕಿಕೊಂಡು, ಸೋಫಾದ ಮೇಲೆ ಅಂಗಾತ ಬಿದ್ದು, ಉಸಿರು ಬಿಗಿಹಿಡಿದೆ. ಪಾತ್ರದೊಳಗೆ ಪೂರ್ತಿ ಇಳಿದಿದ್ದೆ. ಅಡುಗೆಮನೆಯಿಂದ ಸುನಂದಾಳ ದನಿ ಬಂತು: "ಏನ್ರೀ, ಸೋಫಾದ ಮ್ಯಾಲೆ ಬೂಟು ಹಾಕ್ಕೊಂಡು ಮಲಗೀರೇನು?"

ಹೆಣ ತಟ್ಟನೆ ಎದ್ದು ಕೂತು ಲೇಸು ಬಿಚ್ಚಿತು.