ದೊಡ್ಡ ಮನುಷ್ಯರ ಸಾವಿಗೆ ಚಾಂಡಿ ಹೋದದ್ದು

ಚಾಂಡಿ ಫೋನ್ ಆಫ್ ಮಾಡಿದ್ದೇ ಎಲ್ಲ ರಗಳೆಗೂ ಮೂಲ. ಮಾಡದೆ ಪಾಪ ಇನ್ನೇನು ಮಾಡಿಯಾನು? ಹೋದ ವರ್ಷ ಅವನ ಧಣಿ ಹೀರಾನಂದ ಸೇಠರ ಅತ್ತಿಗೆ ತೀರಿಕೊಂಡಾಗ, ಮನೆಮಂದಿಯೆಲ್ಲ ತಲೆ ತಗ್ಗಿಸಿ ಕೂತಿದ್ದ ಹೊತ್ತಿಗೆ ಸರಿಯಾಗಿ ಅವನ ಜೇಬಿನಿಂದ ದೋಣಿ ಪಂದ್ಯದ ಹಾಡು ಕೇಕೆ ಸಮೇತ ಹೊರಟಿತ್ತು. ಊರಿನಿಂದ ಹೆಂಡತಿ ಸೂಸಮ್ಮನ ಕರೆ ಅದು. ಗಾಬರಿಯಲ್ಲಿ ಅವನು ಒತ್ತಬಾರದ್ದನ್ನು ಒತ್ತಿ ಹಾಡು ಇನ್ನೂ ಜೋರಾಗಿತ್ತು. ಅವತ್ತು ಸೇಠರು ನೋಡಿದ ನೋಟ ಅವನ ಕನಸಿನಲ್ಲಿ ಈಗಲೂ ಬರುತ್ತದೆ.

ಇವತ್ತು ಬೆಳಿಗ್ಗೆ ಶಾರ್ಜಾದ ರೋಲಾ ಪೇಟೆಯಲ್ಲಿರುವ ಅವರ ಸಗಟು ಬಟ್ಟೆ ಅಂಗಡಿಗೆ ಸುದ್ದಿ ಬಂತು. ಸೇಠರ ಚಿಕ್ಕಪ್ಪ, ಎಲ್ಲರೂ ಕಾಕಾ ಎನ್ನುತ್ತಿದ್ದ ಲೀಲಾರಾಮ್, ರಾತ್ರಿ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿದ್ದರು. ಹೆಂಡತಿ ಮಕ್ಕಳಿಲ್ಲದ ಮುದುಕ. ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದವರು.

ಸೇಠರು ಕೆಂಪು ಕಣ್ಣಿನಲ್ಲಿ ಬಂದು ಹೇಳಿದರು, "ನಾಲ್ಕು ಗಂಟೆಗೆ ಕಾಕಾನ್ನ ಕಳಿಸಿಕೊಡೋದು. ದಯವಿಟ್ಟು ಎಲ್ಲರೂ ಬನ್ನಪ್ಪ. ನಮ್ಮ ಮನೇಲಿ ಹೆಗಲು ಕೊಡೋಕೂ ಗಂಡಸರಿಲ್ಲ."

ಅವರು ಆಚೆ ಹೋದದ್ದೇ ತಡ, ಅಂಗಡಿಯ ಮಹಾಜನರು ಚಾಂಡಿಯ ಸುತ್ತ ಸೇರಿದರು. ಕಾರಣವಿತ್ತು. ಗೋದಾಮಿನ ಮೇಲ್ವಿಚಾರಕನ ಜಾಗ ಖಾಲಿಯಿತ್ತು. ಆ ಜಾಗದ ಜೊತೆಗೆ ಒಂದು ಪುಟ್ಟ ಮನೆ, ಮನೆಯ ಜೊತೆಗೆ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ. ಚಾಂಡಿ ಮದುವೆಯಾಗಿ ಆರು ವರ್ಷ. ಸೂಸಮ್ಮನ ಮುಖವನ್ನು ಹೆಚ್ಚಾಗಿ ಫೋನಿನಲ್ಲೇ ನೋಡಿದವನು. ಆ ಜಾಗಕ್ಕೆ ಇದ್ದದ್ದು ಇಬ್ಬರೇ, ಚಾಂಡಿ ಮತ್ತು ಈಜಿಪ್ಟಿನ ವಗ್ದಿ.

"ಬಿಳಿ ಹಾಕ್ಕೋ. ಸಿಂಧಿಗಳು ಬಿಳಿನೇ ಹಾಕೋದು," ಎಂದರು ಮಾರಾಟದ ಗುಲ್ಜಾರ್ ಭಾಯ್.

"ಕಪ್ಪು, ಕುಯಾ, ಕಪ್ಪು! ಮತ್ತೆ ಬರಿಗೈಲಿ ಹೋಗೋದುಂಟಾ? ಒಂದು ದೊಡ್ಡ ಹೂವಿನ ಚಕ್ರ ತಗೊಂಡು ಹೋಗು," ಎಂದಳು ಕೌಂಟರಿನ ಫಿಲಿಪಿನೋ ಹುಡುಗಿ ಮಾರಿಟೆಸ್. ಅವಳಿಗೆ ಎಲ್ಲರೂ ಕುಯಾ, ಅಂದರೆ ಅಣ್ಣ.

"ಅಳು, ಹಬೀಬಿ, ಜೋರಾಗಿ ಅಳು," ಎಂದ ವಗ್ದಿ. ಪ್ರತಿಸ್ಪರ್ಧಿ ಇಷ್ಟು ಧಾರಾಳವಾಗಿ ಉಪದೇಶ ಕೊಟ್ಟಾಗ ಚಾಂಡಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ ಚಿಂತೆ: ಹೆಣ ಕಂಡರೆ ಅವನಿಗೆ ಕೈಕಾಲು ನಡುಗುತ್ತದೆ. ಆಂಬುಲೆನ್ಸ್ ಹಾದುಹೋದರೂ ಶಿಲುಬೆ ಗುರುತು ಹಾಕಿಕೊಳ್ಳುವ ಆಸಾಮಿ. ಆದರೂ ಸೂಸಮ್ಮನಿಗಾಗಿ ಹೆಗಲು ಕೊಟ್ಟೇ ಕೊಡುತ್ತೇನೆ ಎಂದು ಹಲ್ಲುಕಚ್ಚಿ ನಿರ್ಧರಿಸಿದ.

ಬಿಳಿ ಅಂಗಿ, ಕಪ್ಪು ಪ್ಯಾಂಟು, ಎದೆಯಗಲದ ಹೂಚಕ್ರ, ಅದರ ಮೇಲೆ ಅಂಗಡಿಯ ಹೆಸರು ಬರೆದ ನೇರಳೆ ರಿಬ್ಬನ್ನು. ಮಧ್ಯಾಹ್ನಕ್ಕೆ ಮೊದಲೇ, ಹೂವಿನಂಗಡಿಯಲ್ಲೇ ನೆನಪಾಗಿ ಫೋನ್ ಆಫ್ ಮಾಡಿ ಒಳಜೇಬಿಗೆ ಸೇರಿಸಿದ. ಉಳಿದವರೆಲ್ಲ ಅಂಗಡಿಯ ವ್ಯಾನಿನಲ್ಲಿ. ಹೂಚಕ್ರಕ್ಕೆ ಅಲ್ಲಿ ಜಾಗ ಸಾಲದೆಂದು ಇವನು ಟ್ಯಾಕ್ಸಿಯಲ್ಲಿ.

ಊರಾಚೆ, ಮರಳಿನ ನಡುವೆ, ಒಂದೇ ರಸ್ತೆಯಲ್ಲಿ ಮೂರು ಕಾಂಪೌಂಡುಗಳು. ಒಂದೇ ಬಣ್ಣದ ಗೋಡೆ, ಒಂದೇ ತರಹದ ಗೇಟು. ಒಂದರಲ್ಲಿ ಮುಸ್ಲಿಮರ ಕಬರಸ್ತಾನ, ಒಂದರಲ್ಲಿ ಕ್ರೈಸ್ತರ ಸಮಾಧಿಗಳು, ಒಂದರಲ್ಲಿ ಹಿಂದೂಗಳ ಸ್ಮಶಾನ. ಬದುಕಿದ್ದಾಗ ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಇದ್ದವರು ಸತ್ತ ಮೇಲೆ ನೆಲಮಹಡಿಯಲ್ಲಿ ಅಕ್ಕಪಕ್ಕ. ಪಠಾಣ ಡ್ರೈವರು ಹೂಚಕ್ರ ನೋಡಿದ, ಕನ್ನಡಿಯಲ್ಲಿ ಚಾಂಡಿಯ ಕೊರಳ ಶಿಲುಬೆ ನೋಡಿದ, ಒಂದು ಮಾತೂ ಕೇಳದೆ ನಡುವಿನ ಗೇಟಿನ ಮುಂದೆ ಇಳಿಸಿ ಹೊರಟೇಹೋದ.

ಅದು ಕ್ರೈಸ್ತರ ಕಾಂಪೌಂಡು. ಅಲ್ಲಿನ ಕಾವಲುಗಾರ ಇಟ್ಟೂಪ್ ಚೇಟ್ಟನ್, ಅಂದರೆ ಇಟ್ಟೂಪಣ್ಣ, ಚಾಂಡಿಯ ಜಿಲ್ಲೆಯವನೇ. ಊರಿನವನನ್ನು ಕಂಡು ಹಿಗ್ಗಿಹೋದ.

"ಬಾ ಮಗನೇ, ನೋಡ್ಕೊಂಡು ಹೋಗುವೆಯಂತೆ. ಈ ಸಾಲು ತುಂಬಿಹೋಯ್ತು. ಆ ಮೂಲೇಲಿ ಬೇವಿನ ಮರ ಇದೆ, ನೆರಳು. ಪಕ್ಕದಲ್ಲಿ ಒಬ್ಬ ಪೋಲೆಂಡಿನವನು, ಗಲಾಟೆ ಇಲ್ಲ. ನಮ್ಮ ಕಡೆಯವರೂ ನಾಲ್ಕು ಜನ ಇದ್ದಾರೆ, ಬೇಜಾರಾಗಲ್ಲ."

"ಚೇಟ್ಟಾ, ನಾನಿನ್ನೂ ಸತ್ತಿಲ್ಲ!"

"ಇವತ್ತೇ ಅಂತ ನಾನೆಲ್ಲಿ ಅಂದೆ?"

ಚಾಂಡಿ ಹೂಚಕ್ರವನ್ನು ಎದೆಗೆ ಅವಚಿಕೊಂಡು ರಸ್ತೆಗೆ ಓಡಿದ. ಅದೇ ಹೊತ್ತಿಗೆ ಆಂಬುಲೆನ್ಸೊಂದು ಬಂತು, ಅದರ ಹಿಂದೆ ಕಾರುಗಳ ಸಾಲು, ಲೇಬರ್ ಕ್ಯಾಂಪುಗಳ ಬಸ್ಸುಗಳು. ನೂರಾರು ಜನ ಇಳಿದರು. ಪಠಾಣರು, ಬಂಗಾಳಿಗಳು, ಅರಬರು, ಮಲಬಾರಿನವರು. ಅಬ್ಬಾ, ಸೇಠರ ಮನೆತನ ಅಂದರೆ ಸುಮ್ಮನೆಯೇ, ಅವರಿಂದ ಬಟ್ಟೆ ಕೊಳ್ಳದವರು ಈ ಊರಿನಲ್ಲಿ ಯಾರಿದ್ದಾರೆ ಎಂದುಕೊಂಡು ಚಾಂಡಿಯೂ ಗುಂಪಿನೊಳಗೆ ನುಗ್ಗಿದ.

ನುಗ್ಗಿದ್ದಷ್ಟೇ ಅವನ ಕೆಲಸ. ಮುಂದಿನದನ್ನು ಗುಂಪೇ ನೋಡಿಕೊಂಡಿತು. ಅಲ್ಲಿ ಹೆಣ ಹೊರುವ ಕ್ರಮವೇ ಹಾಗೆ. ನಾಲ್ಕು ಹೆಜ್ಜೆಗೊಬ್ಬರು ಹೆಗಲು ಬದಲಿಸುತ್ತಾರೆ. ಹಿಂದಿನವರು ಮುಂದೆ ಬರುತ್ತಾರೆ, ಮುಂದಿನವರು ಪಕ್ಕಕ್ಕೆ ಸರಿಯುತ್ತಾರೆ, ಯಾರನ್ನೂ ಯಾರೂ ನೀನ್ಯಾರು ಎಂದು ಕೇಳುವುದಿಲ್ಲ. ಚಾಂಡಿ ಕಣ್ಣು ಬಿಡುವಷ್ಟರಲ್ಲಿ ಮರದ ಹಿಡಿಕೆ ಅವನ ಹೆಗಲ ಮೇಲಿತ್ತು. ನಡುಗುತ್ತದೆ ಎಂದುಕೊಂಡ ಕೈ ನಡುಗಲಿಲ್ಲ. ಭಾರವೇ ಇರಲಿಲ್ಲ! ಅಷ್ಟು ಕೈಗಳ ಮೇಲೆ ಆ ಚಟ್ಟ ತನ್ನಷ್ಟಕ್ಕೆ ತಾನೇ ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಜನ ಮೆಲ್ಲನೆ ಏನೋ ಪಠಿಸುತ್ತಿದ್ದರು. ಒಬ್ಬ ಮನುಷ್ಯನನ್ನು ಇಷ್ಟು ಹಗುರವಾಗಿ ಕಳಿಸಿಕೊಡಬಹುದು ಎಂದು ಚಾಂಡಿಗೆ ಗೊತ್ತೇ ಇರಲಿಲ್ಲ.

"ದೊಡ್ಡ ಮನುಷ್ಯರು," ಎಂದ ಪಕ್ಕದ ಬಂಗಾಳಿಗೆ.

"ಇರಬಹುದು ಭಾಯ್. ನನಗೇನು ಗೊತ್ತು?"

"ಗೊತ್ತಿಲ್ವಾ? ಮತ್ತೆ ಯಾಕೆ ಬಂದಿರಿ?"

"ಇವರಿಗೋಸ್ಕರ ನಮಾಜ್ ಮಾಡೋಕೆ ಇಲ್ಲಿ ಯಾರೂ ಇಲ್ಲ ಅಂತ ಮಧ್ಯಾಹ್ನ ಮೆಸೇಜ್ ಬಂತು. ಅರ್ಧ ದಿನ ರಜ ಹಾಕಿ ಬಂದೆ. ಇಲ್ಲಿರೋರಲ್ಲಿ ಯಾರಿಗೂ ಗೊತ್ತಿಲ್ಲ ಅನ್ಸುತ್ತೆ."

ಆಗ ಚಾಂಡಿಗೆ ಮುಂದೆ ತೋಡಿದ ಗುಂಡಿ ಕಾಣಿಸಿತು. ಅಯ್ಯೋ ನನ್ನ ತಲೆಗಿಷ್ಟು! ಇದು ಕಬರಸ್ತಾನ, ಸಿಂಧಿಗಳು ಸುಡುವವರಲ್ಲವೇ! ಇದು ಯಾರೋ ಅನಾಥನದು. ಅಲ್ಲಿ ಪಕ್ಕದ ಗೇಟಿನಲ್ಲಿ ಸೇಠರು ಹೆಗಲಿಗೆ ಜನ ಸಾಲದೆ ದಾರಿ ಕಾಯುತ್ತಿದ್ದಾರೆ, ವಗ್ದಿ ಆಗಲೇ ಗಳಗಳ ಅಳುತ್ತಿದ್ದಾನೆ. ಮನೆ, ವೀಸಾ, ಸೂಸಮ್ಮ, ಎಲ್ಲ ಮರಳಿನಲ್ಲಿ ಹೂತುಹೋಗುವುದು ಅವನ ಕಣ್ಣಿಗೆ ಕಟ್ಟಿತು.

ತಿರುಗಿ ಹೊರಟ. ಮುನ್ನೂರು ಜನ ಒಂದು ಕಡೆಗೆ ಬರುತ್ತಿರುವಾಗ ಹೂಚಕ್ರ ಹಿಡಿದು ಒಬ್ಬನೇ ಎದುರಿಗೆ ಹೋಗುವುದೆಂದರೆ ಸುಲಭವಲ್ಲ. ಯಾರದೋ ಗಡ್ಡಕ್ಕೆ ಗುಲಾಬಿ ಸಿಕ್ಕಿಕೊಂಡಿತು, ಯಾರದೋ ಕಾಲು ತುಳಿದ. ಕಡೆಗೆ ದಾರಿಗೆ ಅಡ್ಡವಾಗಿ ಒಬ್ಬರು ಬಾಗಿ ನಿಂತಿದ್ದರು. ತಲೆಗೂ ಮುಖಕ್ಕೂ ಬಿಳಿ ಬಟ್ಟೆ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿ, ಗುಂಡಿಗೆ ಹಾಕಲು ಹಿಡಿ ಮಣ್ಣು ತೆಗೆದುಕೊಳ್ಳುತ್ತಿದ್ದರು.

"ಸ್ವಲ್ಪ ದಾರಿ ಬಿಡಿ ಭಾಯ್. ಈ ಸತ್ತವನಿಗೂ ನನಗೂ ಏನೂ ಸಂಬಂಧ ಇಲ್ಲ. ನಾನು ದೊಡ್ಡ ಮನುಷ್ಯರ ಸಾವಿಗೆ ಹೋಗಬೇಕು, ಲೇಟಾಗ್ತಿದೆ."

ಆ ಮನುಷ್ಯ ಒಂದು ಕ್ಷಣ ಇವನನ್ನೂ ಹೂಚಕ್ರವನ್ನೂ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. ಒಳ್ಳೆ ಮನುಷ್ಯ ಎಂದುಕೊಂಡ ಚಾಂಡಿ.

ಹಿಂದೂ ಸ್ಮಶಾನದ ಗೇಟಿಗೆ ಅವನು ಏದುಸಿರು ಬಿಡುತ್ತ ಬಂದಾಗ ಅಲ್ಲಿ ಸಾವಿಗೆ ಬಂದ ನರಪಿಳ್ಳೆಯೂ ಇರಲಿಲ್ಲ. ಚಿತೆ ಸಿದ್ಧವಾಗಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ದೇಹ. ಇದ್ದದ್ದು ಇಬ್ಬರು ಕೆಲಸದವರು, ಮತ್ತೆ ಜೇಠಾಭಾಯಿ ಎಂಬ ಮುದಿ ಗುಜರಾತಿ. ಬೇರೆಯವರ ಹೆಣಗಳಿಗೆ ನಿಂತು ಸಂಸ್ಕಾರ ಮಾಡಿಸುವುದೇ ಅವರ ನಿವೃತ್ತಿಯ ಉದ್ಯೋಗ.

"ಅಂತೂ ಒಬ್ಬರಾದರೂ ಬಂದ್ರಲ್ಲ!" ಎಂದರು ಜೇಠಾಭಾಯಿ. "ಇವರ ಕಡೆಯವರಾ?"

"ನನ್ನ ಸ್ವಂತ ಕಾಕಾ ಇದ್ದ ಹಾಗೆ!" ಎಂದ ಚಾಂಡಿ. ಒಳಗೊಳಗೇ ಕುಣಿದಾಡುವಷ್ಟು ಖುಷಿ. ಸೇಠರೇ ಬಂದಿಲ್ಲ, ವ್ಯಾನೂ ಬಂದಿಲ್ಲ, ವಗ್ದಿ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದಾನೆ. ನಾನೇ ಮೊದಲು!

"ಕಾದು ಕಾದು ಸಾಕಾಯ್ತು. ಇನ್ನು ತಡ ಮಾಡೋಕಾಗಲ್ಲ. ನಾಲ್ಕನೇ ಹೆಗಲು ನಿಮ್ಮದೇ. ಬೆಂಕಿನೂ ನೀವೇ ಕೊಡಬೇಕು."

ಚಾಂಡಿ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಸೇಠರು ಬಂದು, ತಮ್ಮ ಬದಲು ನಿಂತವನು ಚಾಂಡಿ ಎಂದು ನೋಡಿದರೆ? ಗೋದಾಮಿನ ಬೀಗದಕೈ ಅಲ್ಲೇ ಕೈಗೆ ಬಂದಂತೆ. ಅವನು ಶಿಲುಬೆಯನ್ನು ಮೆಲ್ಲಗೆ ಅಂಗಿಯೊಳಗೆ ತಳ್ಳಿಕೊಂಡ.

ಜೇಠಾಭಾಯಿ ನೋಡಿಬಿಟ್ಟರು. "ಇರಲಿ ಬಿಡಪ್ಪ. ಬೆಂಕಿ ಅದನ್ನೆಲ್ಲ ಕೇಳಲ್ಲ," ಎಂದರು.

ಮುಖ ನೋಡುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿಕೊಂಡೇ ಹೆಗಲು ಕೊಟ್ಟ. ಇಲ್ಲಿ ಭಾರವಿತ್ತು. ನಾಲ್ಕೇ ಜನ, ಒಬ್ಬ ಮನುಷ್ಯನ ಪೂರ್ತಿ ಭಾರ. ಹೂಚಕ್ರವನ್ನು ಹೆಣದ ಎದೆಯ ಮೇಲಿಟ್ಟ. ಕೆಲಸದವನೊಬ್ಬ ವಿಡಿಯೊ ಕಾಲ್ ಹಚ್ಚಿ ಫೋನನ್ನು ಎತ್ತಿ ಹಿಡಿದ. ಅದರಲ್ಲಿ ಎಲ್ಲಿಯದೋ ಒಂದು ಅಂಗಳ, ಒಬ್ಬ ಮುದುಕಿ. ಸೇಠರ ನೆಂಟರಿರಬೇಕು, ನೋಡಲಿ ಎಂದು ಚಾಂಡಿ ವಗ್ದಿಯ ಉಪದೇಶದಂತೆ ಗಟ್ಟಿಯಾಗಿ ಅತ್ತ. ಸುಳ್ಳಿಗೆ ಶುರು ಮಾಡಿದ ಅಳು, ತಾನೇ ಕೊಟ್ಟ ಬೆಂಕಿ ಮೇಲೆದ್ದ ಕೂಡಲೆ ನಿಜವಾಗಿಬಿಟ್ಟಿತು. ಆ ಜ್ವಾಲೆಯ ಮುಂದೆ ಅವನು ಕೈಮುಗಿದು ನಿಂತ. ಹೆದರಿಕೆ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಫೋನಿನ ಮುದುಕಿ ಮುರುಕು ಹಿಂದಿಯಲ್ಲಿ ಕರೆದಳು. "ಬಾಬು, ನನ್ನ ಮಗನಿಗೆ ಅಲ್ಲಿ ಯಾರೂ ಇಲ್ಲ ಅಂದಿದ್ರು. ನೀನಿದ್ದೀಯಲ್ಲ. ಅವನಿಗೋಸ್ಕರ ಅಳ್ತಿದ್ದೀಯಲ್ಲ. ಇನ್ನು ನಾನು ಅನ್ನ ಉಣ್ತೀನಿ ಬಾಬು."

ಚಾಂಡಿ ಕಣ್ಣೊರೆಸಿಕೊಂಡು ಜೇಠಾಭಾಯಿಯ ಕಿವಿಯಲ್ಲಿ ಕೇಳಿದ, "ಕಾಕಾಗೆ ಇನ್ನೂ ತಾಯಿ ಇದ್ದಾರಾ?"

"ಯಾವ ಕಾಕಾ?"

"ಲೀಲಾರಾಮ್ ಕಾಕಾ... ಹೀರಾನಂದ ಸೇಠರ..."

"ಇವನ ಹೆಸರು ಧನಮಾನ್ ಮಗರ್. ನೇಪಾಳದವನು. ಯಾವುದೋ ಕಟ್ಟಡದ ವಾಚ್‌ಮನ್, ಮೂವತ್ತು ವರ್ಷ ವಯಸ್ಸು. ನಿಮಗೆ ಗೊತ್ತಿರಲಿಲ್ವಾ?" ಮುದುಕರು ಬೆರಗಾಗಿ ಅವನ ಎರಡೂ ಕೈ ಹಿಡಿದುಕೊಂಡರು. "ಗೊತ್ತಿಲ್ಲದೇನೇ ಇಷ್ಟು ಅತ್ತೆಯಾ? ನಿನ್ನ ನಂಬರ್ ಕೊಟ್ಟು ಹೋಗು ಮಗ. ನಿನ್ನಂಥವರು ಸಿಗೋದಿಲ್ಲ."

ಚಾಂಡಿ ಫೋನಿನತ್ತ ನೋಡಿದ. ಅಲ್ಲಿ ಆ ತಾಯಿ ಇನ್ನೂ ಕೈಮುಗಿದುಕೊಂಡೇ ಇದ್ದಳು. ತಪ್ಪಿ ಬಂದೆ ಅಮ್ಮ ಎಂದು ಯಾವ ಬಾಯಿಂದ ಹೇಳುವುದು? ಅವನೂ ಕೈಮುಗಿದ. ನಂಬರ್ ಕೊಟ್ಟ.

ಹೊರಗೆ ಬಂದು ಫೋನ್ ಆನ್ ಮಾಡಿದ. ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನವೇ ಬಂದ ಸೇಠರ ಸಂದೇಶವಿತ್ತು. ಅದನ್ನು ಎರಡು ಸಲ ಓದಿ, ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದ.

ಅಂಗಡಿಗೆ ಬಂದಾಗ ದೀಪ ಹಚ್ಚಿದ್ದರು. ಸೇಠರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಕೊರಳಲ್ಲಿ ಬಿಳಿ ಬಟ್ಟೆ, ಮೇಜಿನ ಮೇಲೆ ಕಪ್ಪು ಕನ್ನಡಕ. ಉಗುರಿನ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು. ಅವರ ಹಿಂದೆ ವಗ್ದಿ, ನೆಲ ನೋಡುತ್ತ.

"ಬಾ ಚಾಂಡಿ," ಎಂದರು ಸೇಠರು. "ದೊಡ್ಡ ಮನುಷ್ಯರ ಸಾವಿಗೆ ಲೇಟಾಗಲಿಲ್ಲ ತಾನೆ?"

ಚಾಂಡಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸೇಠರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಮಗೂ ಗೊತ್ತಿರಲಿಲ್ಲಪ್ಪ. ಹನ್ನೆರಡು ಗಂಟೆಗೆ ಮಸೀದಿಯವರು ಬಂದು ಹೇಳಿದ್ರು. ಕಾಕಾ ಎಷ್ಟೋ ವರ್ಷದ ಹಿಂದೆಯೇ ಕಲಿಮಾ ಓದಿ ಮುಸ್ಲಿಮರಾಗಿದ್ರಂತೆ. ಅವರ ಗೆಳೆಯ, ಅತ್ತರಿನಂಗಡಿ ಯೂಸುಫ್, ಅವನ ಗೋರಿ ಪಕ್ಕದಲ್ಲೇ ಮಲಗಿಸಿ ಅಂದಿದ್ರಂತೆ. ನಮಗೆ ಬೇಜಾರಾಗುತ್ತೆ ಅಂತ ಮುಚ್ಚಿಟ್ಟಿದ್ರು. ಕಬರಸ್ತಾನಕ್ಕೇ ಬನ್ನಿ ಅಂತ ಕೂಡಲೇ ಗುಂಪಿಗೆ ಮೆಸೇಜ್ ಹಾಕಿದೆ." ಅವರ ದನಿ ಒಡೆಯಿತು. "ಹೆಗಲು ಕೊಡೋಕೆ ಜನ ಇಲ್ಲ ಅಂತ ಬೆಳಿಗ್ಗೆ ಅತ್ತೆ. ಮುನ್ನೂರು ಜನ ಬಂದ್ರು ಚಾಂಡಿ. ಯಾರ ಮುಖನೂ ಗೊತ್ತಿಲ್ಲ. ಆ ಮುನ್ನೂರರಲ್ಲಿ 'ನನಗೂ ಇವನಿಗೂ ಸಂಬಂಧ ಇಲ್ಲ' ಅಂದವನು ಒಬ್ಬನೇ. ಅವನಿಗೆ ಸಂಬಳ ಕೊಡೋನು ನಾನು."

ಚಾಂಡಿ ಅಳುತ್ತಳುತ್ತ ಎಲ್ಲವನ್ನೂ ಹೇಳಿದ. ಬೇವಿನ ಮರ, ಹಗುರವಾದ ಚಟ್ಟ, ಧನಮಾನ್, ಅವನ ತಾಯಿ, ಒಂದನ್ನೂ ಬಿಡಲಿಲ್ಲ. ಮಾರಿಟೆಸ್ ಮೂಗು ಒರೆಸಿಕೊಂಡಳು. ಸೇಠರು ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು.

"ಆ ತಾಯಿಗೆ ನೀನು ಮಾಡಿದ್ದು ನನ್ನ ಕಾಕಾಗೆ ಮಾಡಿದ ಹಾಗೇ ಆಯ್ತು. ನಿನ್ನ ಮೇಲೆ ನನಗೆ ಕೋಪ ಇಲ್ಲ ಮಗ, ದೇವರಾಣೆ ಇಲ್ಲ."

ಚಾಂಡಿಯ ಕಣ್ಣಲ್ಲಿ ಸೂಸಮ್ಮ ವಿಮಾನ ಹತ್ತಿಯೇಬಿಟ್ಟಳು.

"ಆದರೆ ಗೋದಾಮು ವಗ್ದಿ ನೋಡ್ಕೊಳ್ಳಲಿ," ಎಂದರು ಸೇಠರು. "ಯಾವ ಮಾಲು ಯಾವ ಬಾಗಿಲಿಗೆ ಹೋಗಬೇಕು ಅಂತ ಅಲ್ಲಿ ಸ್ವಲ್ಪ ಗೊತ್ತಿರಬೇಕಪ್ಪ."

ಅಷ್ಟರಲ್ಲಿ ಚಾಂಡಿಯ ಜೇಬಿನಿಂದ ದೋಣಿ ಪಂದ್ಯದ ಹಾಡು ಕೇಕೆ ಸಮೇತ ಹೊರಟಿತು. ಸೂಸಮ್ಮನಿಗೆ ಏನು ಹೇಳಲಿ ಎಂದು ಹೆದರುತ್ತ ತೆಗೆದ. ಸೂಸಮ್ಮ ಅಲ್ಲ, ಜೇಠಾಭಾಯಿ.

"ಮಗ, ನಾಳೆನೂ ನಾಲ್ಕು ಗಂಟೆಗೆ ಒಬ್ಬರಿದ್ದಾರೆ. ಅವರ ಕಡೆಯವರು ಯಾರೂ ಇಲ್ಲ. ಬರ್ತೀಯಾ?"

ಚಾಂಡಿ ಸೇಠರ ಮುಖ ನೋಡಿದ. ಸೇಠರು ಹೋಗು ಎನ್ನುವಂತೆ ತಲೆಯಾಡಿಸಿದರು. ಅವನು ನಿಟ್ಟುಸಿರು ಬಿಟ್ಟು, ಇವತ್ತೇ ಕೇಳಬೇಕಿದ್ದ ಪ್ರಶ್ನೆಯನ್ನು ಈಗ ಕೇಳಿದ.

"ಬರ್ತೀನಿ. ಯಾವ ಗೇಟು?"