ಕೋಡಿ ಹತ್ತದ ಮೀನು

ಜೂನ್ ಎಂಟು, ಭಾನುವಾರ. ಬೆಳಿಗ್ಗೆಯಿಂದ ಮೋಡ; ಮಳೆ ಇಲ್ಲ.

ದಾವಣಗೆರೆಯಿಂದ ಬಂದಿದ್ದ ಭಾವ ಕಾಫಿ ಲೋಟ ಹಿಡಿದು, "ಏನಪ್ಪಾ, ನಿಮ್ಮ ಕೆರಿ ಕೆಲ್ಸ ಎಲ್ಲಿಗೆ ಬಂತು?" ಎಂದರು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವವನು. ಕೂದಲೆಳೆಯಷ್ಟು ಹೆಚ್ಚಾದರೂ ಮಾಲು ವಾಪಸ್. ಅಂಥವನು ಮಾಕಳಿ ಹತ್ತಿರದ ಕೆರೆ ಸಮಿತಿಗೆ ಸೇರಿದರೆ ಬಿಪಿ ಏರದೆ ಇರುತ್ತದೆಯೇ? ಅಲ್ಲಿ ತಿಂಗಳಿಗೊಂದಾದರೂ ಎಡವಟ್ಟು ನಡೆಯುತ್ತದೆ.

ನಮ್ಮ ತಕರಾರು ಸಣ್ಣದು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದಾಗ, ಕೆಳಗಿನ ಹಳ್ಳದ ಮೀನು ನೀರಿಗೆ ಎದುರಾಗಿ ಹತ್ತಿ ಬಂದು ಕೆರೆಯಂಚಿನ ಜೊಂಡಿನಲ್ಲಿ ಮೊಟ್ಟೆಯಿಡುತ್ತಿದ್ದವು. ಕೋಡಿಗೆ ಎದೆಯೆತ್ತರದ ಕಾಂಕ್ರೀಟ್ ಗೋಡೆ ಕಟ್ಟಿದ ಮೇಲೆ ಅದು ನಿಂತಿತು. ಕೆರೆಯಲ್ಲಿ ಬಲೆ ಬೀಸಿಯೇ ಬದುಕುವ, ಊರೆಲ್ಲ ತಾತ ಎಂದು ಕರೆಯುವ ಮುದುಕನಿಗೆ ಈಗ ಸಿಗುವುದು ಚಪ್ಪಲಿ, ಪ್ಲಾಸ್ಟಿಕ್ ಕವರು.

೧. ಜೊಂಡು

ಜೊಂಡು ಉಳಿಸಿ ಎಂದು ಇಲಾಖೆಗೆ ಅರ್ಜಿ ಕೊಟ್ಟೆವು. ಮರುವಾರವೇ ಜೆಸಿಬಿ ಬಂದು ಪೂರ್ತಿ ಕಿತ್ತುಹಾಕಿತು. ಓಡಿಹೋಗಿ ಕೇಳಿದರೆ ಗುತ್ತಿಗೆದಾರ, "ಜೊಂಡು ಇದೆ ಅಂತ ನೀವೇ ಬರ್ದು ಕೊಟ್ಟಿದೀರಲ್ಲ ಸಾರ್. ಇಷ್ಟು ಬೇಗ ಯಾರ ಅರ್ಜಿಗೂ ಕೆಲ್ಸ ಮಾಡಿಲ್ಲ ನಾವು" ಎಂದ.

೨. ಫೋಟೊ

ಜೊಂಡು ಹಟಮಾರಿ, ಮತ್ತೆ ಬೆಳೆಯಿತು. ವೈಟ್‌ಫೀಲ್ಡಿನ ಕಂಪನಿಯೊಂದರಿಂದ ಒಂದೇ ಬಣ್ಣದ ಟೀ ಶರ್ಟಿನವರು ಎರಡು ಬಸ್ಸಿನಲ್ಲಿ ಬಂದರು. ತಾತ ಬೇರೆ ಕೆರೆಯಿಂದ ಹಿಡಿದು ತಂದಿದ್ದ ಮೀನುಗಳನ್ನು ಬಕೆಟ್ಟಿನಿಂದ ನೀರಿಗೆ ಬಿಟ್ಟು ಚಪ್ಪಾಳೆ ಹೊಡೆದರು. ಎಲ್ಲ ಮುಗಿದ ಮೇಲೆ ಅವರ ಮ್ಯಾನೇಜರ್ ಕಾರಿನಿಂದ ಇಳಿದರು. ಟ್ರಾಫಿಕ್ ಅಂತೆ.

"ಇನ್ನೊಂದ್ಸಲ ಬಿಡೋಣ. ಅಣ್ಣ, ಅದೇ ಮೀನು ಹಿಡ್ಕೊಡಿ."

ತಾತ ಬಲೆಯನ್ನು ಅವರ ಕೈಗಿಟ್ಟು, "ಇಳೀರಿ ಸಾಮಿ. ಹೆಸ್ರು ಹಿಡ್ದು ಕೂಗಿ, ಬತ್ತವೆ" ಎಂದ.

೩. ಮೆಟ್ಟಿಲು

ಗೋಡೆ ಒಡೆಯುವುದೂ ಬೇಡ, ಮೀನು ಹತ್ತುವಂತೆ ದಪ್ಪ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿಕೊಡಿ ಎಂದೆವು. ನಕ್ಷೆ ನಾನೇ ಬರೆದುಕೊಟ್ಟೆ, ಅಳತೆ ಸಮೇತ. ಮೂರು ತಿಂಗಳಾದ ಮೇಲೆ ನೋಡಿದರೆ ಗ್ರಾನೈಟ್ ಮೆಟ್ಟಿಲು. ಎರಡೂ ಕಡೆ ಫಳಫಳ ಹೊಳೆಯುವ ಸ್ಟೀಲ್ ರೇಲಿಂಗ್.

"ಮೀನು ರೇಲಿಂಗ್ ಹಿಡ್ಕೊಂಡು ಹತ್ತುತ್ತೇನ್ರೀ?" ಎಂದು ಇಲಾಖೆಯ ಇಂಜಿನಿಯರರನ್ನು ಕೇಳಿದೆ. ಆ ವರ್ಷ ನಾನು ದನಿ ಎತ್ತಿದ್ದು ಅದೊಂದೇ ಸಲ.

"ಕಲ್ಲಿನ ಇಳಿಜಾರಿಗೆ ನಮ್ಮ ರೇಟ್ ಪುಸ್ತಕದಲ್ಲಿ ಐಟಂ ಇಲ್ಲ ಸಾರ್. ಮೆಟ್ಟಿಲಿಗಿದೆ. ರೇಲಿಂಗ್ ಇಲ್ದೆ ಮೆಟ್ಟಿಲಿನ ಬಿಲ್ ಪಾಸಾಗಲ್ಲ."

ತಾತ ಮೆಟ್ಟಿಲುಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಮುದಿ ಮೀನ್ಗೆ ಲಿಫ್ಟ್ ಮಡಗಿಲ್ವಾ ಸಾಮಿ?"

ಕೊನೆಗೆ ನಾನೂ ತಾತನೂ ಸೇರಿ ಟ್ರ್ಯಾಕ್ಟರಿನಲ್ಲಿ ಕಲ್ಲು ತರಿಸಿ ಮೆಟ್ಟಿಲ ಮೇಲೆ ಜೋಡಿಸಿದೆವು. ಹೋದ ಮಳೆಗಾಲದಲ್ಲಿ ಕೋಡಿ ಹರಿಯಿತು. ಮೀನು ಹತ್ತಿದವು, ಕಲ್ಲಿನ ಸಂದಿಯಿಂದ ಸಂದಿಗೆ. ತಾತ ಬಲೆ ಹಾಕದೆ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡುತ್ತಲೇ ಇದ್ದ. ಇಂಜಿನಿಯರ್ ಬಂದು ರೇಲಿಂಗ್ ಹಿಡಿದು ಫೋಟೊ ತೆಗೆಸಿಕೊಂಡರು. ಮೆಟ್ಟಿಲಿನ ಯೋಜನೆ ಯಶಸ್ವಿ ಎಂದು ಬೋರ್ಡೂ ಬಂತು.

ಭಾವ ನಗು ತಡೆದುಕೊಂಡು, "ಹೋಗ್ಲಿ, ಆ ಕಲ್ಲಿನ ರೊಕ್ಕನಾದ್ರೂ ಕೊಟ್ರೇನು?" ಎಂದರು.

"ಕೊಟ್ಟಿದ್ದು ನಾವು" ಎಂದೆ. "ಸರ್ಕಾರಿ ಮೆಟ್ಟಿಲ ಮೇಲೆ ಕಲ್ಲು ಸುರಿದಿದ್ದಕ್ಕೆ ದಂಡ. ಐದು ಸಾವಿರ."